ಬರೆಯ ಕೆಳಗಿನ ಮನೆ, ವಯಸ್ಸಾದ ತಂದೆ-ತಾಯಿ

ಪ್ರಶ್ನೆ: ನನ್ನ ತಂದೆಗೆ 79 ವರ್ಷ, ತಾಯಿಗೆ 73. ಮಡಿಕೇರಿ ತಾಲ್ಲೂಕಿನಲ್ಲಿ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗಿರುವ ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ. ತಂದೆಗೆ ಮಂಡಿನೋವು, ಕಿವಿಯೂ ಮಂದ. ತಾಯಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಳೆಗಾಲಕ್ಕೆ ಬೆಂಗಳೂರಿಗೆ ಬನ್ನಿ ಎಂದರೆ, ದನಗಳನ್ನು ಬಿಟ್ಟು ಬರಲಾರೆವು ಎನ್ನುತ್ತಾರೆ. ನಾನು ಏನು ಮಾಡಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಆತಂಕ ಸಕಾರಣವಾದದ್ದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದಾಗ ರಸ್ತೆಗಳೇ ಕೊಚ್ಚಿಹೋಗಿದ್ದವು. ಅಂಥ ಹೊತ್ತಿನಲ್ಲಿ ಕೆಸರಿನ ಇಳಿಜಾರಿನಲ್ಲಿ ಓಡಿ ಪಾರಾಗುವುದು ಮಂಡಿನೋವಿರುವವರಿಗೆ ಸಾಧ್ಯವಿಲ್ಲವಾದ್ದರಿಂದ, ಉಳಿದವರಿಗಿಂತ ಮೊದಲೇ, ಹಗಲಿನ ಬೆಳಕಿನಲ್ಲಿ ಹೊರಡುವುದೇ ಅವರಿಗಿರುವ ದೊಡ್ಡ ರಕ್ಷಣೆ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಮುನ್ಸೂಚನೆ. ಅದಕ್ಕೂ ಮೀರಿದರೆ ರೆಡ್. ನಿಮ್ಮ ಹೆತ್ತವರು ರೆಡ್‌ಗಾಗಿ ಕಾಯಬಾರದು. ನೆಲ ಈಗಾಗಲೇ ನೆನೆದಿರುವಾಗ ಆರೆಂಜ್ ಬಂದರೆ ಅಂದೇ ಹೊರಡಲಿ. ಏನೂ ಆಗದೆ ಮರಳಿ ಬಂದರೂ ಆ ಓಡಾಟ ವ್ಯರ್ಥವಲ್ಲ. ನೆಲದಲ್ಲಿ ಬಿರುಕು ಮೂಡಿದರೆ, ಮರ ಅಥವಾ ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ತೋಡಿನ ನೀರು ಕೆಂಪಾದರೆ ಅಥವಾ ಹಠಾತ್ತನೆ ಕಡಿಮೆಯಾದರೆ ಯಾವ ಅಲರ್ಟಿಗೂ ಕಾಯದೆ ಮನೆ ಬಿಡಬೇಕು.

ಬೆಂಗಳೂರಿಗೇ ಬರಬೇಕೆಂದು ಒತ್ತಾಯಿಸಬೇಡಿ. ಹತ್ತಿರದಲ್ಲೇ ಸಮತಟ್ಟಾದ, ಸುರಕ್ಷಿತ ಜಾಗದಲ್ಲಿರುವ ನೆಂಟರ ಮನೆಯನ್ನು ಗೊತ್ತುಮಾಡಿದರೆ ಅವರು ಒಪ್ಪುವ ಸಾಧ್ಯತೆ ಹೆಚ್ಚು. ದನಗಳ ಮಾತು ನೆಪವಲ್ಲ, ಅದು ನಿಜವಾದ ಕಾಳಜಿ. ಅವುಗಳನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟಬೇಕು, ಮೇವಿನ ಖರ್ಚು ಯಾರದು ಎಂಬುದನ್ನು ಮೇ ತಿಂಗಳಲ್ಲೇ ಮಾತಾಡಿ ಮುಗಿಸಿ. ಸಾಗಿಸಲು ಸಮಯವೇ ಸಿಗದಿದ್ದರೆ ಹಗ್ಗ ಬಿಚ್ಚಿಬಿಡಬೇಕೆಂದು ಹೇಳಿಡಿ.

ತಾಯಿಯವರ ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ತೆರೆದು ಬಳಸುತ್ತಿರುವ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ ಫ್ರಿಜ್‌ನ ಹೊರಗೆ ತಂಪಾದ ಕಡೆ ಇಡಬಹುದು. ಅದರ ಜೊತೆಗಿರುವ ಸೂಚನೆಯನ್ನು ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ. ಆದರೆ ಐಸ್‌ಗೆ ನೇರವಾಗಿ ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಸಂತ್ರಸ್ತರಿಗಾಗಿ ತೆರೆಯುವ ಕಾಳಜಿ ಕೇಂದ್ರದಲ್ಲಿ ಉಳಿಯಬೇಕಾಗಿ ಬಂದು ಊಟದ ಹೊತ್ತು ಏರುಪೇರಾದರೆ ಸಕ್ಕರೆಯ ಮಟ್ಟ ಕುಸಿಯುವ ಅಪಾಯವಿರುವುದರಿಂದ ಗ್ಲೂಕೋಸ್ ಪುಡಿ ಅಥವಾ ಬೆಲ್ಲ ಕೈಚೀಲದಲ್ಲಿರಲಿ. ಎರಡು ವಾರಗಳ ಔಷಧಿ, ಸಿರಿಂಜು, ವೈದ್ಯರ ಚೀಟಿ, ಕನ್ನಡಕ, ಶ್ರವಣಸಾಧನದ ಬ್ಯಾಟರಿ, ಟಾರ್ಚು, ಆಧಾರ್ ಮತ್ತು ಜಮೀನಿನ ಪತ್ರಗಳ ನಕಲು ಅದೇ ಚೀಲಕ್ಕೆ ಸೇರಲಿ. ತಂದೆಯವರ ಊರುಗೋಲು ಹಾಸಿಗೆಯ ಪಕ್ಕದಲ್ಲೇ ಇರಲಿ.

ಹೆಂಚಿನ ಮೇಲೆ ಮಳೆ ಸುರಿಯುವ ರಾತ್ರಿ ತಂದೆಯವರಿಗೆ ಫೋನ್ ಕೇಳಿಸದು. ಕರೆಂಟ್ ಹೋಗಿ ಮೊಬೈಲ್ ಟವರ್ ನಿಂತರೆ ನಿಮ್ಮ ಕರೆಯೂ ತಲುಪದು. ಆದ್ದರಿಂದ ಬಾಗಿಲು ತಟ್ಟಿ ಎಬ್ಬಿಸಬಲ್ಲ ನೆರೆಯವರಿಬ್ಬರನ್ನು ಕೇಳಿಕೊಂಡು, ಮನೆಯ ಕೀಲಿಯ ಒಂದು ಪ್ರತಿಯನ್ನು ಅವರಿಗೆ ಕೊಡಿ. ತುರ್ತು ಕರೆಗೆ 112, ಆಂಬ್ಯುಲೆನ್ಸ್‌ಗೆ 108 ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. 1077 ಆಯಾ ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ. ಬೆಂಗಳೂರಿನಿಂದ ಕರೆ ಮಾಡಬೇಕಾದ ನೀವು ಕೊಡಗಿನ ಕೊಠಡಿಯ ಪೂರ್ಣ ದೂರವಾಣಿ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.

ಮುಂದಿನ ಸಲ ಊರಿಗೆ ಹೋದಾಗ, ಹೊರಡುವ ದಾರಿಯಲ್ಲಿ ತಂದೆಯವರ ಜೊತೆ ಅವರ ನಡಿಗೆಯಲ್ಲೇ ರಸ್ತೆಯವರೆಗೆ ನಡೆದು, ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ. ಯಾವ ದಿನ ಹೊರಡಬೇಕೆಂಬ ನಿರ್ಧಾರವನ್ನು ಆ ಲೆಕ್ಕದ ಮೇಲೆ ಅವರೇ ಮಾಡಲಿ.