ಸಂಪಾದಕರ ಉತ್ತರ: ಮೂರು ಚಾನೆಲ್ ಅಂದರೆ ಮೂರು ಆಂಪ್ ಅಲ್ಲ

ಸಿಂಧನೂರಿನ ಓದುಗರೊಬ್ಬರು ಭಾನುವಾರ ಚರ್ಚ್‌ನಲ್ಲಿ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಮೂರು ಚಾನೆಲ್ಲಿನ, 100 ವ್ಯಾಟ್‌ನ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳಬೇಕೆಂದಿದ್ದಾರೆ. "ಒಂದರಲ್ಲಿ ಫೆಂಡರ್, ಇನ್ನೊಂದರಲ್ಲಿ ಮಾರ್ಷಲ್, ಮೂರನೆಯದರಲ್ಲಿ ಮೆಸಾ ಬೂಗಿ ಸಿಗುತ್ತದಂತೆ. ಇದೊಂದಿದ್ದರೆ ಮುಂದೆ ಬೇರೇನೂ ಬೇಡ ಅಲ್ಲವೇ?" ಎಂಬುದು ಅವರ ಪ್ರಶ್ನೆ. ಮೂರೂ ಹೆಸರಾಂತ ಆಂಪ್ ಕಂಪನಿಗಳು.

ಗೆಳೆಯರೇ,

ಎರಡು ವರ್ಷದ ಉಳಿತಾಯ ಅಂದಿದ್ದೀರಿ, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಮೂರು ಆಂಪ್ ಸಿಗುವುದಿಲ್ಲ. ಸಿಗುವುದು ಒಂದೇ ಆಂಪಿನ ಮೂರು ದನಿ. ಅದೇನೂ ಕಡಿಮೆಯದಲ್ಲ, ಬಳ್ಳಾರಿಯ ನಮ್ಮ ಮನೆಯಲ್ಲಿರುವುದೂ ಅಂಥದ್ದೇ.

ಚಾನೆಲ್ ಅನ್ನುವುದು ಪ್ರೀಆಂಪಿನ, ಅಂದರೆ ಆಂಪಿನ ಮೊದಲ ಭಾಗದ ವ್ಯವಹಾರ. ಗಿಟಾರಿನಿಂದ ಬರುವ ಸಣ್ಣ ಸಿಗ್ನಲ್ಲನ್ನು 12ಎಎಕ್ಸ್7ನಂಥ ಪುಟ್ಟ ವಾಲ್ವ್‌ಗಳು ದೊಡ್ಡದು ಮಾಡುತ್ತವೆ. ತಿಳಿಯಾದ ದನಿಯ ಕ್ಲೀನ್ ಚಾನೆಲ್ಲಿಗೆ ಕಡಿಮೆ ಹಂತ, ಒರಟಾಗಿ ಗರ್ಜಿಸುವ ಲೀಡ್ ಚಾನೆಲ್ಲಿಗೆ ಹೆಚ್ಚು ಹಂತ. ಕಾಲಲ್ಲಿ ಸ್ವಿಚ್ ಒತ್ತಿದಾಗ ಬದಲಾಗುವುದು ಇಷ್ಟೇ. ಮುಂದಿನ ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಮರದ ಪೆಟ್ಟಿಗೆ ಎಲ್ಲ ಮೂರಕ್ಕೂ ಅವೇ.

ಆ ಮುಂದಿನ ಭಾಗ ಎಷ್ಟು ಮುಖ್ಯ ಅನ್ನುವುದಕ್ಕೆ ಮಾರ್ಷಲ್‌ನ ಕಥೆಯೇ ಸಾಕ್ಷಿ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಮತ್ತು ಅವರ ಜೊತೆಗಾರರು ತಯಾರಿಸಿದ ಜೆಟಿಎಂ45 ಆಂಪಿನ ಸರ್ಕ್ಯೂಟು ಬಹುಮಟ್ಟಿಗೆ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪಿನದೇ ನಕಲು. ಆದರೆ ಬಾಸ್‌ಮನ್‌ನಲ್ಲಿ ಇದ್ದದ್ದು ಬೆನ್ನು ತೆರೆದ ಪೆಟ್ಟಿಗೆಯಲ್ಲಿ 10 ಇಂಚಿನ ನಾಲ್ಕು ಸ್ಪೀಕರ್. ಇವರು ಹಾಕಿದ್ದು ಬೆನ್ನು ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸೆಲೆಸ್ಟಿಯನ್ ಕಂಪನಿಯ ಸ್ಪೀಕರ್. ಟ್ರಾನ್ಸ್‌ಫಾರ್ಮರ್ ಕೂಡ ಬೇರೆ. ಸರ್ಕ್ಯೂಟು ಹೆಚ್ಚುಕಡಿಮೆ ಅದೇ ಇದ್ದರೂ ಹೊರಬಂದ ದನಿಗೆ ಜಗತ್ತು ಬೇರೆ ಹೆಸರಿಟ್ಟಿತು. ಹಾಗಿರುವಾಗ ಒಂದೇ ಸ್ಪೀಕರಿನಿಂದ ಫೆಂಡರೂ ಮಾರ್ಷಲ್ಲೂ ಹೊರಡಬೇಕೆಂದರೆ ಹೇಗೆ?

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಷ್ಟೋ ಆಂಪ್‌ಗಳಲ್ಲಿ ಎರಡು ಚಾನೆಲ್ಲಿಗೆ ಬಾಸ್, ಮಿಡ್, ಟ್ರೆಬಲ್ (ಕೆಳಗಿನ, ನಡುವಿನ, ಮೇಲಿನ ಸ್ವರಗಳ) ತಿರುಗಣಿ ಒಂದೇ ಸೆಟ್ಟು. ಕ್ಲೀನ್‌ಗೆ ಹೊಳಪು ಬರಲಿ ಎಂದು ಟ್ರೆಬಲ್ ಏರಿಸಿದರೆ ಲೀಡ್ ಕಿವಿಗೆ ಸೂಜಿ ಚುಚ್ಚುತ್ತದೆ. ಲೀಡ್‌ಗೆ ಇಳಿಸಿದರೆ ಕ್ಲೀನ್ ಮೇಲೆ ಕಂಬಳಿ ಹೊದಿಸಿದ ಹಾಗೆ. ಮೊದಲು ಮುಂಭಾಗದ ತಿರುಗಣಿಗಳನ್ನು ಎಣಿಸಿ ನೋಡಿ.

ನನ್ನ ಅನುಭವವನ್ನೂ ಹೇಳಬೇಕು. ಮನೆಯಲ್ಲಿ ಒಬ್ಬನೇ ಕೂತು ವಾರಗಟ್ಟಲೆ ಲೀಡ್ ಚಾನೆಲ್ ಹದ ಮಾಡಿದ್ದೆ: ಗೇನ್ (ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬ ತಿರುಗಣಿ) 8, ಬಾಸ್ 7, ಮಿಡ್ 2. ಕೋಣೆಯಲ್ಲಿ ಮೈ ಜುಮ್ಮೆನ್ನುತ್ತಿತ್ತು. ಕೊಪ್ಪಳದ ಒಂದು ಮದುವೆಯಲ್ಲಿ ಪಲ್ಲವಿ ಮುಗಿದು ನನ್ನ ಸರದಿ ಬಂತು, ಸ್ವಿಚ್ ಮೇಲೆ ಕಾಲಿಟ್ಟೆ. ಗಿಟಾರ್ ಮಾಯ. ಬೆರಳು ಓಡುತ್ತಿವೆ, ದನಿ ಇಲ್ಲ. ಕೀಬೋರ್ಡಿನವರು ತಿರುಗಿ, ತಂತಿ ಹರಿಯಿತೇ ಎಂದು ಸನ್ನೆಯಲ್ಲಿ ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗಿದ್ದಿಷ್ಟು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ, ಅದಕ್ಕೇ ಮನೆಯಲ್ಲಿ ಏರಿಸುತ್ತೇವೆ. ವೇದಿಕೆಯಲ್ಲಿ ಆ ಜಾಗ ಬಾಸ್ ಗಿಟಾರಿನದು, ಕಿಕ್ ಡ್ರಮ್ಮಿನದು. ಗಿಟಾರ್ ಜನರಿಗೆ ಕೇಳುವುದೇ ಮಿಡ್‌ನಿಂದ. ಅದನ್ನೇ ನಾನು ಕಿತ್ತು ಹಾಕಿದ್ದೆ. ಸಾಲದ್ದಕ್ಕೆ ಗೇನ್ ವಿಪರೀತವಾದರೆ ಮೀಟಿನ ಪೆಟ್ಟೇ ಮೆತ್ತಗಾಗುತ್ತದೆ. ಈಗ ಗೇನ್ 5, ಬಾಸ್ 3, ಮಿಡ್ 7. ಒಬ್ಬನೇ ಕೇಳಿದರೆ ಮೂಗಿನಲ್ಲಿ ಹಾಡಿದಂತಿರುತ್ತದೆ, ಆರ್ಕೆಸ್ಟ್ರಾದಲ್ಲಿ ಸ್ವರಸ್ವರವೂ ಕೇಳುತ್ತದೆ.

100 ವ್ಯಾಟ್ ಬೇಡವೇ ಬೇಡ. 50ಕ್ಕಿಂತ ಅದು 3 ಡೆಸಿಬೆಲ್ ಮಾತ್ರ ಹೆಚ್ಚು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನಿಮ್ಮಲ್ಲಿ ಸ್ಪೀಕರ್ ಮುಂದೆ ಮೈಕ್ ಇಡುತ್ತಾರೆ, 20 ವ್ಯಾಟ್ ಧಾರಾಳ. ಎತ್ತಿ ಬಸ್ಸಿಗೆ ಹಾಕುವುದೂ ಹಗುರ.

ಕರೆಂಟಿನ ಮಾತು. ವಾಲ್ವಿನೊಳಗಿನ ಹೀಟರ್‌ಗೆ 6.3 ವೋಲ್ಟ್ ಬೇಕು. ಗೋಡೆಯಲ್ಲಿ 230 ಇರಬೇಕಾದದ್ದು 180ಕ್ಕೆ ಇಳಿದರೆ ಹೀಟರ್‌ಗೆ 5 ವೋಲ್ಟೂ ದಕ್ಕುವುದಿಲ್ಲ, ದನಿ ಸೊರಗುತ್ತದೆ. ಸ್ಟೆಬಿಲೈಜರ್‌ಗೆ ದುಡ್ಡು ತೆಗೆದಿಡಿ. ಯಾರಾದರೂ ಅಮೆರಿಕದಿಂದ ತಂದದ್ದನ್ನು ಕೊಡುತ್ತೇವೆಂದರೆ ಹಿಂಬದಿಯಲ್ಲಿ 120 ವೋಲ್ಟ್ ಎಂದಿದೆಯೇ ನೋಡಿ, ಇದ್ದರೆ ನಮ್ಮ 230ಕ್ಕೆ ಅದು ನೇರ ಹೊಂದುವುದಿಲ್ಲ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಚರ್ಚ್‌ನಲ್ಲೂ ಮದುವೆಯಲ್ಲೂ ನೀವು ನುಡಿಸುವ ಹತ್ತು ಹಾಡಿನಲ್ಲಿ ಎಂಟು ಕ್ಲೀನ್ ಇರಬಹುದು ಎಂದು ನನ್ನ ಲೆಕ್ಕ. ಕ್ಲೀನ್ ಚಾನೆಲ್ ನಿಮ್ಮ ಮನಸ್ಸು ತುಂಬುವ ಆಂಪ್ ಹುಡುಕಿ. ಲೀಡ್ ಚೆನ್ನಾಗಿದ್ದರೆ ಸಂತೋಷ, ಸಾಧಾರಣವಾಗಿದ್ದರೆ ದನಿಯನ್ನು ಒರಟಾಗಿಸುವ ಒಂದು ಓವರ್‌ಡ್ರೈವ್ ಪೆಡಲ್ ಆ ಕೆಲಸ ಮಾಡುತ್ತದೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಡ್ರಮ್ಸ್ ಜೊತೆ ನುಡಿಸುವಷ್ಟು ಸದ್ದು ಏರಿಸಿ, ಆಂಪಿನಿಂದ ಹತ್ತು ಹೆಜ್ಜೆ ದೂರ ನಿಂತು ಕೇಳಿ. ಅದಕ್ಕೂ ಮುಂಚೆ ಒಂದು ಸಂಜೆ ಬಳ್ಳಾರಿಗೆ ಬನ್ನಿ. ನನ್ನ ಆಂಪಿಗೆ ಎರಡು ಬೇರೆ ಬೇರೆ ಸ್ಪೀಕರ್ ಪೆಟ್ಟಿಗೆ ಜೋಡಿಸಿ ಕೇಳಿಸುತ್ತೇನೆ. ಚಾನೆಲ್ ಸ್ವಿಚ್ ಮುಟ್ಟುವುದೇ ಇಲ್ಲ.