ಜವಳಿ ಎಂಜಿನಿಯರಿಂಗ್ ಮೇಷ್ಟ್ರ ಹಳೇ ನೋಟ್ಸು, ಪಠ್ಯಪುಸ್ತಕಗಳನ್ನು ಇನ್ನೂ ಯಾಕೆ ಜೋಪಾನ ಮಾಡಬೇಕು?

ಯಂತ್ರಗಳು ಬದಲಾದ ಮೇಲೂ ಅವು ಬೇಕು. ಅಚ್ಚಾದ ಪುಸ್ತಕ ನೇಯ್ಗೆಯ ನಿಯಮ ಹೇಳುತ್ತದೆ. ಆ ನಿಯಮ ಬಟ್ಟೆಯಾಗುವುದು ಹೇಗೆ ಅನ್ನುವುದು ಕಲಿಸಿದವರ ಕಾಗದಗಳಲ್ಲಿ ಕಾಣುತ್ತದೆ.

ನೇಯ್ಗೆ ಪಾಠದ ನೋಟ್‌ಬುಕ್ಕಿನ ಒಂದು ಪುಟ ತೆಗೆದುಕೊಳ್ಳಿ. ಚೌಕಳಿ ಕಾಗದದ ಮೇಲೆ ವಿನ್ಯಾಸ ಇರುತ್ತದೆ. ಸಾಮಾನ್ಯವಾಗಿ ತುಂಬಿದ ಚೌಕ ಅಂದರೆ ಅಲ್ಲಿ ಹಾಸಿನ (ಉದ್ದದ) ಎಳೆ ಹೊಕ್ಕಿನ (ಅಡ್ಡದ) ಎಳೆಯ ಮೇಲೆ ಬರಬೇಕು ಅಂತ. ಪಕ್ಕದಲ್ಲೇ ಅದೇ ಬಟ್ಟೆಯ ಚಿಕ್ಕ ತುಂಡು ಅಂಟಿಸಿದ್ದರೆ ಅದು ನಿಜಕ್ಕೂ ಸಂಪತ್ತು. ಭೂತಗನ್ನಡಿ ಇಟ್ಟು ಅಂಗುಲಕ್ಕೆ ಎಷ್ಟು ಎಳೆ ಅಂತ ಎಣಿಸಬಹುದು, ನೂಲಿನ ಹುರಿ ಯಾವ ಕಡೆಗಿದೆ ಅಂತ ನೋಡಬಹುದು. ನಕ್ಷೆ, ಬಟ್ಟೆ ಎರಡೂ ಜೊತೆಗಿದ್ದರೆ ನಿಂತುಹೋದ ನೇಯ್ಗೆಯನ್ನೂ ಮತ್ತೆ ಮಗ್ಗಕ್ಕೇರಿಸಬಹುದು. ಆದ್ದರಿಂದ ಆ ತುಂಡನ್ನು ಸುಮ್ನೆ ಕಿತ್ತು ಬೇರೆ ಇಡಬಾರದು.

ಹಳೇ ಪಠ್ಯಪುಸ್ತಕ ಬೇಕಾಗುವುದು ಜಾಸ್ತಿ ಲೆಕ್ಕಕ್ಕೆ. 840 ಗಜದ ಲಡಿಗಳು (ನೂಲಿನ ಸುರುಳಿಗಳು) ಒಂದು ಪೌಂಡಿಗೆ ಎಷ್ಟು ಬರುತ್ತವೋ ಅದೇ ಹತ್ತಿ ನೂಲಿನ ಇಂಗ್ಲಿಷ್ ಕೌಂಟ್; ಅದು ಹೆಚ್ಚಿದಷ್ಟೂ ನೂಲು ತೆಳು. ಟೆಕ್ಸ್ ಪದ್ಧತಿ ಇದಕ್ಕೆ ಉಲ್ಟಾ: 1,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. 590.5 ಅನ್ನು ಕೌಂಟ್‌ನಿಂದ ಭಾಗಿಸಿದರೆ ಟೆಕ್ಸ್ ಸಿಗುತ್ತದೆ. 40 ಕೌಂಟ್ ಅಂದರೆ ಸುಮಾರು 14.8 ಟೆಕ್ಸ್. ಹಳೇ ಟಿಪ್ಪಣಿಯ 40 ಅನ್ನು ಟೆಕ್ಸ್ ಅಂತ ಓದಿದರೆ ತೆಳು ನೂಲನ್ನು ದಪ್ಪ ಅಂದುಕೊಳ್ಳುತ್ತೀರಿ, ಅಲ್ವಾ?

ಇಡುವಾಗ ಬೆಳಕು ತಾಗಿಸಬೇಡಿ, ಬಟ್ಟೆಯ ಬಣ್ಣ ಮಾಸುತ್ತದೆ. ಗಂಜಿ ಹಾಕಿದ ತುಂಡುಗಳಿಗೆ ಹುಳುವಿನ ಕಾಟವೂ ಇದೆ, ಆಗಾಗ ತೆರೆದು ನೋಡುತ್ತಿರಿ.