104 ಸೀಟು ಬಂದರೂ ಸರ್ಕಾರ ಯಾಕೆ ಉಳಿಯಲಿಲ್ಲ?

2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 104 ಸೀಟು ಗೆದ್ದ ಬಿಜೆಪಿ ಇರುವಾಗ 37 ಸೀಟಿನ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಸಿಕ್ಕಿದ್ದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಮೋಸ ಅಲ್ಲ. ದೊಡ್ಡ ಪಕ್ಷ ಯಾವುದು ಅನ್ನೋದಕ್ಕಿಂತ, ಅರ್ಧಕ್ಕಿಂತ ಜಾಸ್ತಿ ಶಾಸಕರು ಯಾರ ಜೊತೆ ಇದ್ದಾರೆ ಅನ್ನೋದೇ ಇಲ್ಲಿ ಮುಖ್ಯ.

ಆಗ 222 ಕ್ಷೇತ್ರಗಳ ಫಲಿತಾಂಶ ಬಂದಿತ್ತು. ನಮ್ಮ ಬೆಂಗಳೂರಿನ ಜಯನಗರ, ರಾಜರಾಜೇಶ್ವರಿನಗರದ ಮತದಾನ ಮುಂದಕ್ಕೆ ಹೋಗಿತ್ತು. ಕಾಂಗ್ರೆಸ್‌ನ 78, ಜೆಡಿಎಸ್‌ನ 37 ಸೇರಿದರೆ 115. ಅರ್ಧ ದಾಟಿತು. ಆದರೂ ರಾಜ್ಯಪಾಲರು ಮೊದಲು ಕರೆದದ್ದು ಯಡಿಯೂರಪ್ಪ ಅವರನ್ನೇ. ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅಷ್ಟು ದಿನ ಬೇಡ, ಮೇ 19ಕ್ಕೇ ಆಗಲಿ ಅಂದಿತು. ಅವತ್ತು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಮೇಲೆ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿ ಆದರು.

ಮತ ಹಾಕಿಸಿಕೊಂಡ ಮೇಲೆ ಮೈತ್ರಿ ಮಾಡಿಕೊಂಡರು ಅನ್ನೋ ನಿಮ್ಮ ಬೇಸರ ನನಗೂ ಇದೆ. ಚುನಾವಣೆಗೆ ಮೊದಲೇ ಕೈ ಜೋಡಿಸಿದ್ದರೆ ನಾವು ತಿಳಿದು ಮತ ಹಾಕಬಹುದಿತ್ತು. ಯಾರಿಗೂ ಬಹುಮತ ಇಲ್ಲದಾಗ ರಾಜ್ಯಪಾಲರು ಯಾರನ್ನು ಮೊದಲು ಕರೆಯಬೇಕು ಅನ್ನೋದರಲ್ಲಿ, ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ ಕೂಡ ಚುನಾವಣೆಗೆ ಮೊದಲಿನ ಮೈತ್ರಿಗೇ ಮೊದಲ ಸ್ಥಾನ ಕೊಟ್ಟಿದೆ.

ಇನ್ನು ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಅನ್ನೋದು ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಅದು ನಮ್ಮ ರಾಜ್ಯದ್ದೇ ಕೇಸು. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದದ್ದೂ ಸದನದಲ್ಲೇ.